ಜೀರುಂಡೆ ಡಬ್ಬ: ಮೂರನೇ ಸಲವೂ ಎಲ್ಲಾ ಸತ್ತವು, ಎಲ್ಲಿ ತಪ್ಪುತ್ತಿದೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಐದು ತಿಂಗಳ ಲೆಪರ್ಡ್ ಗೆಕ್ಕೊ (ಮನೆಯಲ್ಲಿ ಸಾಕುವ ಒಂದು ಜಾತಿಯ ಹಲ್ಲಿ) ಇದೆ. ಜೀರುಂಡೆ (ಕ್ರಿಕೆಟ್ ಹುಳ) ಬಿಟ್ಟು ಬೇರೆ ಹುಳ ಹಾಕಿದರೆ ತಿರುಗಿಯೂ ನೋಡುವುದಿಲ್ಲ. ಅದಕ್ಕೇ ಮನೆಯಲ್ಲೇ ಜೀರುಂಡೆ ಸಾಕೋಣ ಅಂತ ಹೊರಟೆ. ಮೂರು ಸಲ ಶುರು ಮಾಡಿದೆ. ಮೂರು ಸಲವೂ ಹತ್ತು ಹನ್ನೆರಡು ದಿನಕ್ಕೆ ಡಬ್ಬ ಖಾಲಿ.

60 ಲೀಟರಿನ ಪ್ಲಾಸ್ಟಿಕ್ ಡಬ್ಬ, 200 ಹುಳ. ಮುಚ್ಚಳದಲ್ಲಿ ಕಾದ ಮೊಳೆಯಿಂದ ಇಪ್ಪತ್ತು ತೂತು ಮಾಡಿದ್ದೇನೆ. ತಳಕ್ಕೆ ಎರಡು ಬೆರಳು ದಪ್ಪ ಮರದ ಹೊಟ್ಟು, ಅದರ ಮೇಲೆ ಕೋಳಿಮೊಟ್ಟೆ ಟ್ರೇ ಮಲಗಿಸಿದ್ದೇನೆ. ನೀರಿಗೆ ಒದ್ದೆ ಸ್ಪಂಜು, ತಿನ್ನೋಕೆ ಕ್ಯಾರೆಟ್ ಮತ್ತು ಸೊಪ್ಪು. ದಿನಾ ಬೆಳಿಗ್ಗೆ ಸ್ವಲ್ಪ ನೀರು ಸಿಂಪಡಿಸುತ್ತೇನೆ. ನಾಲ್ಕನೇ ದಿನ ಮುಚ್ಚಳ ತೆಗೆದರೆ ಕಣ್ಣು ಉರಿಯುವಷ್ಟು ಘಾಟು. ಆಮೇಲೆ ದಿನಾ ಇಪ್ಪತ್ತು ಮೂವತ್ತು ಸಾಯುತ್ತವೆ. ಅವು ಮೊಟ್ಟೆ ಇಡಲಿ ಅಂತ ಮಣ್ಣು ತುಂಬಿ ಇಟ್ಟ ಬಟ್ಟಲಿಗೆ ಬೂಷ್ಟು ಬಂತು, ಒಂದು ಮರಿಯೂ ಹೊರಗೆ ಬರಲಿಲ್ಲ.

ಗೆಕ್ಕೊಗೆ ತಿನ್ನಿಸೋಕೇ ಸಾಕುವುದು ನಿಜ. ಆದರೂ ನನ್ನ ಕೈಯಲ್ಲಿ ಹೀಗೆ ನರಳಿ ಸಾಯುವುದನ್ನು ನೋಡೋಕೆ ಆಗುತ್ತಿಲ್ಲ. ಅನುಭವ ಇರುವವರು ದಯವಿಟ್ಟು ಹೇಳಿ.

ಉತ್ತರ 1

ಬೇಜಾರು ಮಾಡ್ಕೋಬೇಡಿ. ಆರು ವರ್ಷದಿಂದ ನನ್ನ ಸಾಕು ಓತಿಕ್ಯಾತ ಬಿಯರ್ಡೆಡ್ ಡ್ರ್ಯಾಗನ್‌ಗೋಸ್ಕರ ಜೀರುಂಡೆ ಸಾಕುತ್ತಿದ್ದೇನೆ. ಮೊದಲ ವರ್ಷ ನಾನೂ ದಿನಾ ನೀರು ಸಿಂಪಡಿಸುತ್ತಿದ್ದೆ. ಒಂದು ಬೆಳಿಗ್ಗೆ ನೋಡಿದರೆ ಅರ್ಧಕ್ಕರ್ಧ ಹುಳ ಕಾಲು ಮೇಲೆ ಮಾಡಿ ಬಿದ್ದಿದ್ದವು. ಆ ದಿನ ಕಲಿತದ್ದು ಇದು: ಜೀರುಂಡೆ ಇರುವ ಡಬ್ಬ ಒಣಗಿರಬೇಕು, ಮೊಟ್ಟೆ ಇಡುವ ಬಟ್ಟಲು ಮಾತ್ರ ಒದ್ದೆ ಇರಬೇಕು. ನಿಮ್ಮ ಡಬ್ಬದಲ್ಲಿ ಎಲ್ಲಾ ಕಡೆ ಒದ್ದೆ.

ನಿಮ್ಮ ಕಣ್ಣು ಉರಿಸಿದ್ದು ಅಮೋನಿಯಾ. ಹಿಕ್ಕೆ, ಸತ್ತ ಹುಳ, ಉಳಿದ ಸೊಪ್ಪು ಇವೆಲ್ಲ ತೇವದಲ್ಲಿ ಕೊಳೆತಾಗ ಬರುವ ಗಾಳಿ ಅದು. ತಳದಲ್ಲೇ ಜಾಸ್ತಿ ಹುಟ್ಟುತ್ತದೆ, ಹುಳಗಳು ಓಡಾಡುವುದೂ ಅಲ್ಲೇ. ನಮಗೆ ಮುಚ್ಚಳ ತೆಗೆದ ಒಂದು ಕ್ಷಣಕ್ಕೇ ಉರಿಯುತ್ತದೆ ಅಂದರೆ ಅವು ಹಗಲೂ ರಾತ್ರಿ ಅದನ್ನೇ ಉಸಿರಾಡುತ್ತವೆ ಅಲ್ವಾ?

ಮೊದಲು ಆ ಹೊಟ್ಟು ತೆಗೆದುಬಿಡಿ. ತಳ ಖಾಲಿ ಇದ್ದರೆ ಸತ್ತದ್ದು ಕಣ್ಣಿಗೆ ಬೀಳುತ್ತದೆ, ಗುಡಿಸೋದೂ ಸುಲಭ. ಇಪ್ಪತ್ತು ತೂತು ಏನೇನೂ ಸಾಲದು. ಮುಚ್ಚಳದ ಅರ್ಧ ಭಾಗ ಕತ್ತರಿಸಿ ಲೋಹದ ಜಾಲರಿ ಅಂಟಿಸಿ. ಪ್ಲಾಸ್ಟಿಕ್ ಜಾಲರಿ ಬೇಡ, ಅದನ್ನು ಕಡಿದು ಹೊರಗೆ ಬರುತ್ತವೆ. ಪಕ್ಕದ ಗೋಡೆಯಲ್ಲೂ ಒಂದು ಕಿಂಡಿ ಮಾಡಿದರೆ ಗಾಳಿ ಆಡುತ್ತದೆ. ಮೊಟ್ಟೆ ಟ್ರೇಗಳನ್ನು ಮಲಗಿಸಬೇಡಿ, ಪುಸ್ತಕ ಜೋಡಿಸಿದ ಹಾಗೆ ನಿಲ್ಲಿಸಿ. ಹಿಕ್ಕೆ ಕೆಳಗೆ ಉದುರುತ್ತದೆ, ಹುಳಗಳಿಗೆ ಜಾಗವೂ ಜಾಸ್ತಿ ಸಿಗುತ್ತದೆ. ಜಾಗ ಕಮ್ಮಿಯಾದರೆ ಒಂದನ್ನೊಂದು ತಿನ್ನುತ್ತವೆ. ಪೊರೆ ಬಿಡುವ ಹೊತ್ತಲ್ಲಂತೂ ತಪ್ಪಿಸಿಕೊಳ್ಳೋಕೆ ಆಗುವುದಿಲ್ಲ. ಆಗಷ್ಟೇ ಪೊರೆ ಬಿಟ್ಟ ಜೀರುಂಡೆಯನ್ನು ನೋಡಿದ್ದೀರಾ? ಮೈಯೆಲ್ಲ ಹಾಲುಬಿಳಿ, ಕಣ್ಣು ಮಾತ್ರ ಕಪ್ಪು. ಮುಟ್ಟಿದರೆ ಮೆತ್ತಗಿರುತ್ತದೆ. ಮೈ ಗಟ್ಟಿಯಾಗಿ ಕಂದು ಬಣ್ಣ ಬರೋಕೆ ಕೆಲವು ಗಂಟೆ ಬೇಕು. ಅಲ್ಲಿವರೆಗೆ ಅದಕ್ಕೆ ಅಡಗೋಕೆ ಒಂದು ಮೂಲೆ ಸಿಗಬೇಕು.

ಸ್ಪಂಜು ಬೇಡ, ಎರಡೇ ದಿನಕ್ಕೆ ಲೋಳೆಯಾಗುತ್ತದೆ. ಗಿಡಕ್ಕೆ ಹಾಕುವ, ನೀರು ಹೀರಿ ಉಬ್ಬುವ ಜೆಲ್ ಹರಳು ಇದೆಯಲ್ಲ, ಗೊಬ್ಬರ ಬೆರೆಸದ್ದು, ಅದನ್ನು ನೆನೆಸಿ ಸಣ್ಣ ಮುಚ್ಚಳದಲ್ಲಿ ಇಡಿ. ಮುಳುಗುವ ಭಯವಿಲ್ಲ. ಸೊಪ್ಪು, ಕ್ಯಾರೆಟ್ ಚೆನ್ನಾಗಿ ತೊಳೆದು ಹಾಕಿ, ಕೀಟನಾಶಕದ ಪಸೆ ಉಳಿದಿದ್ದರೂ ಸಾಕು ಒಂದೇ ರಾತ್ರಿಯಲ್ಲಿ ಹೋಗಿಬಿಡುತ್ತವೆ. ಸಂಜೆ ಹಾಕಿದ್ದನ್ನು ಬೆಳಿಗ್ಗೆ ತೆಗೆಯಿರಿ. ಇದರ ಜೊತೆ ಒಣ ಆಹಾರವೂ ಬೇಕು. ಕೋಳಿಮರಿಗಳ ಆಹಾರವನ್ನು ಪುಡಿ ಮಾಡಿ ಹಾಕುತ್ತೇನೆ. ಪ್ರೋಟೀನ್ ಸಿಗದಿದ್ದರೂ ಒಂದನ್ನೊಂದು ಕಡಿಯುತ್ತವೆ.

ಇನ್ನು ಮೊಟ್ಟೆ ಬಟ್ಟಲು. ಮೊದಲು ನಿಮ್ಮಲ್ಲಿ ದೊಡ್ಡ ಹೆಣ್ಣುಗಳಿವೆಯಾ ನೋಡಿ. ಹಿಂದೆ ಎರಡು ಕಡ್ಡಿಗಳ ನಡುವೆ ಸೂಜಿಯಂಥ ಮೂರನೇದು ಉದ್ದಕ್ಕೆ ಚಾಚಿದ್ದರೆ ಅದು ಹೆಣ್ಣು. ಕೂಗುವವೆಲ್ಲ ಗಂಡು. ರೆಕ್ಕೆ ಪೂರ್ತಿ ಬೆಳೆದ ಮೇಲೆ ಕೆಲವು ದಿನಕ್ಕೆ ಹೆಣ್ಣು ಮೊಟ್ಟೆ ಇಡೋಕೆ ಶುರು ಮಾಡುತ್ತದೆ. ಒಂದು ಬಟ್ಟಲಿಗೆ ಗೊಬ್ಬರವಿಲ್ಲದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ನಾಲ್ಕೈದು ಸೆಂಟಿಮೀಟರ್ ತುಂಬಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ನಿಮ್ಮ ಬಟ್ಟಲಿಗೆ ಬೂಷ್ಟು ಬಂದದ್ದು ನೀರು ಜಾಸ್ತಿಯಾಗಿಯೇ ಅಂತ ನನಗನ್ನಿಸುತ್ತದೆ. ಮೇಲೆ ಒಂದು ಜಾಲರಿ ತುಂಡು ಹಾಸಿ. ಹೆಣ್ಣು ಅದರ ಸಂದಿಯಲ್ಲೇ ಸೂಜಿ ಇಳಿಸುತ್ತದೆ. ಉಳಿದವು ಕೆದರಿ ಮೊಟ್ಟೆ ತಿನ್ನೋಕೆ ಆಗುವುದಿಲ್ಲ.

ರಾತ್ರಿ ಸ್ವಲ್ಪ ಹೊತ್ತು ಕೂತು ನೋಡಿ. ಹೆಣ್ಣು ಮೊದಲು ಮೀಸೆಯಿಂದ ನೆಲ ತಡವುತ್ತದೆ. ಆಮೇಲೆ ಬೆನ್ನು ಬಾಗಿಸಿ ಸೂಜಿಯನ್ನು ನೇರ ಕೆಳಗೆ ಚುಚ್ಚಿ ಸುಮ್ನೆ ನಿಲ್ಲುತ್ತದೆ. ಎಷ್ಟು ಸಲ ನೋಡಿದರೂ ನನಗೆ ಬೇಸರ ಬಂದಿಲ್ಲ.

ಮೂರು ದಿನ ಬಿಟ್ಟು ಬಟ್ಟಲನ್ನು ಹೊರಗೆ ತೆಗೆದು ಬೇರೆ ಡಬ್ಬದಲ್ಲಿಡಿ. 30 ಡಿಗ್ರಿ ಹತ್ತಿರ ಶಾಖ ಇದ್ದರೆ 10ರಿಂದ 13 ದಿನಕ್ಕೆ ಮರಿ ಬರುತ್ತವೆ, ತಣ್ಣಗಿದ್ದರೆ ಇನ್ನೂ ತಡ. ಮರಿ ದೊಡ್ಡದಾಗೋಕೆ ಆರರಿಂದ ಎಂಟು ವಾರ.

ಉತ್ತರ 2

ಮೇಲಿನವರು ಹೇಳಿದ್ದು ಸರಿ. ಗೆಕ್ಕೊ ಕಡೆಯಿಂದ ಎರಡು ಮಾತು ನಾನು ಸೇರಿಸುತ್ತೇನೆ. ಜೀರುಂಡೆಯಲ್ಲಿ ಕ್ಯಾಲ್ಸಿಯಂ ತೀರಾ ಕಮ್ಮಿ, ರಂಜಕ (ಫಾಸ್ಫರಸ್) ಅದರ ಹಲವು ಪಟ್ಟು. ಬರೀ ಹುಳ ತಿಂದ ಗೆಕ್ಕೊಗೆ ದವಡೆ ಮೆತ್ತಗಾಗುತ್ತದೆ, ಕಾಲು ಸೊಟ್ಟಗಾಗುತ್ತದೆ. ನಿಮ್ಮದು ಇನ್ನೂ ಬೆಳೆಯುವ ವಯಸ್ಸು, ಜೋಪಾನ. ತಿನ್ನಿಸುವ ಮುಂಚೆ ಒಂದು ದಿನವಾದರೂ ಹುಳಗಳಿಗೆ ಒಳ್ಳೆ ಸೊಪ್ಪು ಕೊಡಿ. ಆಮೇಲೆ ಕ್ಯಾಲ್ಸಿಯಂ ಪುಡಿ ಇರುವ ಕವರಿಗೆ ಹಾಕಿ ಮೆಲ್ಲಗೆ ಅಲ್ಲಾಡಿಸಿ. ಹುಳದ ಗಾತ್ರ ಗೆಕ್ಕೊದ ಎರಡು ಕಣ್ಣಿನ ನಡುವಿನ ಅಗಲ ಮೀರಬಾರದು. ತಿನ್ನದೆ ಉಳಿದದ್ದನ್ನು ರಾತ್ರಿ ಒಳಗೇ ಬಿಡಬೇಡಿ. ಮಲಗಿದ ಗೆಕ್ಕೊದ ಬಾಲ, ಬೆರಳುಗಳನ್ನು ಕಚ್ಚುತ್ತವೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಹೊಟ್ಟನ್ನೆಲ್ಲ ತೆಗೆದು, ಡಬ್ಬ ತೊಳೆದು ಬಿಸಿಲಿಗಿಟ್ಟಿದ್ದೇನೆ. ಒಂದು ಅನುಮಾನ. ಇದು ರೋಗ ಇರಬಹುದಾ? ಜೀರುಂಡೆಗೆ ವೈರಸ್ ಬರುತ್ತದೆ ಅಂತ ಎಲ್ಲೋ ಓದಿದ ನೆನಪು.

ಉತ್ತರ 3

ಬರುತ್ತದೆ. ಅಕೀಟಾ ಡೊಮೆಸ್ಟಿಕಸ್, ಅಂದರೆ ನಾವೆಲ್ಲ ಸಾಕುವ ಕಂದು ಜೀರುಂಡೆಗೆ ಡೆನ್ಸೊವೈರಸ್ ಅನ್ನೋದು ತಗಲುತ್ತದೆ. ಯುರೋಪಿನಲ್ಲಿ ಇದನ್ನು 1977ರಲ್ಲೇ ಗುರುತಿಸಿದ್ದರು. 2009-10ರ ಹೊತ್ತಿಗೆ ಉತ್ತರ ಅಮೆರಿಕದ ದೊಡ್ಡ ದೊಡ್ಡ ಸಾಕಣೆಗಳೇ ಇದರಿಂದ ಮುಚ್ಚಿಹೋದವು. ರೋಗ ಬಂದ ಹುಳ ಬೆಳೆಯೋದು ನಿಲ್ಲಿಸುತ್ತದೆ, ಮಂಕಾಗುತ್ತದೆ, ಅಂಗಾತ ಬಿದ್ದು ದಿನಗಟ್ಟಲೆ ಕಾಲಾಡಿಸುತ್ತದೆ. ನಿಮ್ಮದು ಹಾಗಿಲ್ಲ. ಘಾಟು ಬಂದ ಮೇಲೆ ಸಾವು ಶುರುವಾಗಿದೆ, ಹಾಗಾಗಿ ಗಾಳಿಯದೇ ತೊಂದರೆ. ಡಬ್ಬ ಒಣಗಿಸಿ, ಕಿಂಡಿ ಮಾಡಿದ ಮೇಲೂ ಸತ್ತರೆ ಗ್ರಿಲ್ಲೋಡ್ಸ್ ಅನ್ನೋ ಪಟ್ಟೆ ಜೀರುಂಡೆ ಪ್ರಯತ್ನಿಸಿ. ಆ ವೈರಸ್ಸಿಗೆ ಅದು ಅಷ್ಟಾಗಿ ಬಗ್ಗುವುದಿಲ್ಲ. ಆದರೆ ಚುರುಕು ಜಾಸ್ತಿ, ಮುಚ್ಚಳ ತೆಗೆಯುವಾಗ ಹುಷಾರು.

ಪ್ರಶ್ನೆ ಕೇಳಿದವರು

ಐದು ವಾರ ಆಯ್ತು, ಹೇಳಲೇಬೇಕು ಅಂತ ಬಂದೆ. ಹೊಸದಾಗಿ 100 ಹುಳ ತಂದು ಬಿಟ್ಟಿದ್ದೆ. ಮೊದಲ ವಾರದಲ್ಲಿ ಸತ್ತದ್ದು ಆರೇ. ಘಾಟು ಇಲ್ಲವೇ ಇಲ್ಲ. ಎರಡನೇ ವಾರ ಮೊಟ್ಟೆ ಬಟ್ಟಲು ಇಟ್ಟೆ. ಗಾಜಿನ ಬಟ್ಟಲಾದ್ದರಿಂದ ಪಕ್ಕದಿಂದ ಟಾರ್ಚ್ ಹಿಡಿದರೆ ಮೊಟ್ಟೆ ಕಾಣುತ್ತಿದ್ದವು. ಸಣ್ಣ ಅಕ್ಕಿನುಚ್ಚಿನ ಹಾಗೆ, ತಿಳಿ ಹಳದಿ. ದಿನಾ ರಾತ್ರಿ ನೋಡುತ್ತಿದ್ದೆ. ಹನ್ನೆರಡನೇ ದಿನ ಬೆಳಿಗ್ಗೆ ಕೊಕೊಪೀಟ್ ಮೇಲೆ ಏನೋ ಧೂಳು ಅಲ್ಲಾಡಿದ ಹಾಗಿತ್ತು. ಬಗ್ಗಿ ನೋಡಿದರೆ ಮರಿಗಳು! ಎರಡು ಮಿಲಿಮೀಟರ್ ಇರಬಹುದು ಅಷ್ಟೇ, ಆದರೆ ಮೀಸೆ, ಕಾಲು ಎಲ್ಲಾ ದೊಡ್ಡವುಗಳ ಥರವೇ. ಉಸಿರು ತಗಲಿದರೆ ಸಾಕು, ಚಿಮ್ಮುತ್ತಿದ್ದವು.

ಈಗ ಅವುಗಳಿಗೆ ನೀರು ಹೇಗೆ ಕೊಡೋದು? ಜೆಲ್ ಹರಳಿನ ಮೇಲೆ ನಿಂತ ಒಂದು ಹನಿಗೇ ಎರಡು ಮರಿ ಅಂಟಿಕೊಂಡು ಸತ್ತಿದ್ದವು.

ಉತ್ತರ 1

ಓದಿ ತುಂಬಾ ಖುಷಿಯಾಯ್ತು! ನೆನೆದ ಹರಳನ್ನು ಜರಡಿಗೆ ಹಾಕಿ ನೀರೆಲ್ಲ ಬಸಿಯಿರಿ. ಆಮೇಲೆ ಬಟ್ಟೆ ಮೇಲೆ ಉರುಳಿಸಿ ಹೊರಗಿನ ಹಸಿ ಹೋದ ಮೇಲೆ ಇಡಿ. ಇಲ್ಲದಿದ್ದರೆ ಮೊದಲ ಎರಡು ವಾರ ತೆಳ್ಳಗೆ ಹೆಚ್ಚಿದ ಕ್ಯಾರೆಟ್ ಮಾತ್ರ ಕೊಡಿ, ಅದರ ನೀರೇ ಅವಕ್ಕೆ ಸಾಕಾಗುತ್ತದೆ. ದಿನಕ್ಕೆ ಎರಡು ಸಲ ಬದಲಾಯಿಸಿ. ಹಳೆ ತುಂಡು ಎಸೆಯುವ ಮುಂಚೆ ತಿರುಗಿಸಿ ನೋಡಿ, ಅಡಿಯಲ್ಲಿ ಹತ್ತಾರು ಮರಿ ಕೂತಿರುತ್ತವೆ. ಡಬ್ಬದ ಒಳಗೆ ಮೆಲ್ಲಗೆ ತಟ್ಟಿದರೆ ಉದುರುತ್ತವೆ. ಜಾಲರಿಯ ಕಣ್ಣು ಮರಿಗಳಿಗೆ ದೊಡ್ಡದಾಗುತ್ತದೆ, ಸದ್ಯಕ್ಕೆ ಅದರ ಮೇಲೆ ಒಂದು ತೆಳು ಹತ್ತಿಬಟ್ಟೆ ಬಿಗಿದು ಕಟ್ಟಿ. ದೊಡ್ಡವುಗಳ ಡಬ್ಬಕ್ಕೆ ಈಗಲೇ ಇನ್ನೊಂದು ಮೊಟ್ಟೆ ಬಟ್ಟಲು ಇಡಿ. ಆ ಹೆಣ್ಣುಗಳಿಗೆ ಇನ್ನು ಹೆಚ್ಚು ದಿನ ಇಲ್ಲ.