ಚುಕ್ಕೆಯ ಏರಿಳಿತದಿಂದ ಎಕ್ಸ್-ರೇ ಆಕರಗಳ ಗುರುತು

ಪ್ರಶ್ನೆ (ಕಾರವಾರದ ಉಪನ್ಯಾಸಕರು):
ನಮಸ್ಕಾರ ಮೇಡಂ. ಚಂದ್ರಾ ಮತ್ತು ಎಕ್ಸ್ಎಂಎಂ-ನ್ಯೂಟನ್ ದೂರದರ್ಶಕಗಳು ಆಂಡ್ರೊಮಿಡಾ ಗೆಲಾಕ್ಸಿಯ ದಿಕ್ಕಿನಲ್ಲಿ ನೂರಾರು ಎಕ್ಸ್-ರೇ ಆಕರಗಳನ್ನು ಕಂಡಿವೆ. ಚಿತ್ರದಲ್ಲಿ ಹೆಚ್ಚಿನವು ಬರೀ ಚುಕ್ಕೆಗಳು. ಹೊಳಪಿನ ಬದಲಾವಣೆಯಿಂದ ಅವುಗಳ ಜಾತಿಯನ್ನು ಹೇಗೆ ನಿರ್ಧರಿಸುತ್ತಾರೆ?

ಉತ್ತರ:
ನಮಸ್ಕಾರ ಸರ್. ಕತ್ತಲಲ್ಲಿ ದೀಪಸ್ತಂಭದ ಗೋಪುರ ಕಾಣದಿದ್ದರೂ, ಬೆಳಕು ಎಷ್ಟು ಸೆಕೆಂಡಿಗೊಮ್ಮೆ ಮಿನುಗುತ್ತದೆ ಎಂಬುದರಿಂದಲೇ ಅದು ದೇವಗಡದ್ದೋ ಬೇರೆಯದೋ ಎಂದು ನಿಮ್ಮೂರಿನ ದೋಣಿಯವರು ತಿಳಿಯುತ್ತಾರಲ್ಲ, ನಮ್ಮದೂ ಅದೇ ಉಪಾಯ.

ಆದರೆ ನನ್ನ ಅನುಭವದಲ್ಲಿ ಈ ವಿಧಾನದ ಬಲವಿರುವುದು ಗುರುತಿಸುವುದಕ್ಕಿಂತ ಹೊರಗಿಡುವುದರಲ್ಲಿ. ಸೂಪರ್ನೋವಾ ಅವಶೇಷವೆಂದರೆ ನಕ್ಷತ್ರವೊಂದು ಸ್ಫೋಟಿಸಿದ ಮೇಲೆ ಉಳಿಯುವ, ಹತ್ತಾರು ಜ್ಯೋತಿರ್ವರ್ಷ ಅಗಲದ ಬಿಸಿ ಅನಿಲದ ಗುಳ್ಳೆ. ಬೆಳಕೇ ಅದನ್ನು ದಾಟಲು ಹತ್ತಾರು ವರ್ಷ ಬೇಕಾಗುವುದರಿಂದ ಇಡೀ ಗುಳ್ಳೆ ಕೆಲವು ತಿಂಗಳಲ್ಲಿ ಮಂಕಾಗುವುದು ಸಾಧ್ಯವಿಲ್ಲ. ಅವಶೇಷವೆಂದು ಪಟ್ಟಿಯಲ್ಲಿ ಬರೆದ ಆಕರವೊಂದು ಆರು ತಿಂಗಳಲ್ಲಿ ಅರ್ಧಕ್ಕಿಳಿದರೆ ಆ ಹೆಸರನ್ನು ಹೊಡೆದುಹಾಕಬೇಕು.

ಎಕ್ಸ್-ರೇ ಯಮಳಗಳಲ್ಲಿ ನ್ಯೂಟ್ರಾನ್ ನಕ್ಷತ್ರವೋ ಕಪ್ಪುಕುಳಿಯೋ ಸಂಗಾತಿ ನಕ್ಷತ್ರದ ಅನಿಲವನ್ನು ಸೆಳೆದುಕೊಳ್ಳುತ್ತಿರುತ್ತದೆ. ಹೊಳೆಯುವ ಭಾಗ ತೀರಾ ಚಿಕ್ಕದಾದ್ದರಿಂದ ಅನಿಲದ ಹರಿವು ಹೆಚ್ಚುಕಡಿಮೆಯಾದಂತೆ ಹೊಳಪೂ ಬೇಗ ಬದಲಾಗುತ್ತದೆ. ಕೆಲವಂತೂ ವರ್ಷಗಟ್ಟಲೆ ಕಾಣದಿದ್ದು ಹಠಾತ್ತನೆ ನೂರಾರು ಪಟ್ಟು ಬೆಳಗಿ ಮತ್ತೆ ಮರೆಯಾಗುತ್ತವೆ. ಪಕ್ಕದ ಎಂ33 ಗೆಲಾಕ್ಸಿಯ ಎಕ್ಸ್-7 ಆಕರದಲ್ಲಿ ಸಂಗಾತಿ ನಕ್ಷತ್ರವು 3.45 ದಿನಗಳಿಗೊಮ್ಮೆ ಕಪ್ಪುಕುಳಿಯನ್ನು ಮರೆಮಾಡುತ್ತದೆ. ಇಂಥ ಗ್ರಹಣ ಸಿಕ್ಕಿದರೆ ಅದು ಯಮಳವೇ ಎಂಬುದರಲ್ಲಿ ಚರ್ಚೆ ಉಳಿಯುವುದಿಲ್ಲ. ಕೆಲವೇ ಸೆಕೆಂಡುಗಳಲ್ಲಿ ಏರಿ ನಿಧಾನವಾಗಿ ಇಳಿಯುವ ಉಷ್ಣಬೈಜಿಕ ಸ್ಫೋಟ (ಮೇಲ್ಮೈಯಲ್ಲಿ ಶೇಖರವಾದ ಅನಿಲದಲ್ಲಿ ಒಮ್ಮೆಲೇ ನಡೆಯುವ ಪರಮಾಣು ಸಮ್ಮಿಲನ) ಕಂಡರೆ ಅಲ್ಲಿರುವುದು ನ್ಯೂಟ್ರಾನ್ ನಕ್ಷತ್ರ; ಅಂಥ ಸ್ಫೋಟಕ್ಕೆ ಗಟ್ಟಿ ಮೇಲ್ಮೈ ಬೇಕು, ಕಪ್ಪುಕುಳಿಗೆ ಅದಿಲ್ಲ.

ಮರುಪ್ರಶ್ನೆ (ಶಿರಸಿಯ ವಿದ್ಯಾರ್ಥಿನಿ):
ಹಾಗಾದರೆ ಏರಿಳಿತವಿರುವುದೆಲ್ಲ ಯಮಳ, ಇಲ್ಲದ್ದೆಲ್ಲ ಅವಶೇಷ ಎನ್ನಬಹುದೇ ಮೇಡಂ?

ಉತ್ತರ:
ಇಲ್ಲಮ್ಮ, ಎರಡೂ ತಪ್ಪಾಗುತ್ತದೆ. ಆಂಡ್ರೊಮಿಡಾ ಇರುವುದು ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿ. ಅದರ ಹಿಂದೆ ಬಹುದೂರದಲ್ಲಿರುವ ಸಕ್ರಿಯ ಗೆಲಾಕ್ಸಿ ಕೇಂದ್ರಗಳೂ (ದೈತ್ಯ ಕಪ್ಪುಕುಳಿ ಅನಿಲ ಸೆಳೆಯುತ್ತ ಹೊಳೆಯುವ ಜಾಗಗಳು), ಅದರ ಮುಂದೆ, ನಮ್ಮ ಕಡೆಗೆ, ನಮ್ಮದೇ ಆಕಾಶಗಂಗೆಯ ನಕ್ಷತ್ರಗಳೂ ಅದೇ ಚಿತ್ರದಲ್ಲಿ ಬೀಳುತ್ತವೆ, ಮತ್ತು ಇವೆರಡೂ ಬದಲಾಗುವಂಥವೇ. ನಕ್ಷತ್ರದ ಜ್ವಾಲೆ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ, ಅಲ್ಲೇ ಕಣ್ಣಿಗೆ ಕಾಣುವ ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ನಕ್ಷತ್ರವೂ ಸಿಗುತ್ತದೆ. ಸಕ್ರಿಯ ಕೇಂದ್ರವನ್ನು ಯಮಳದಿಂದ ಬೇರ್ಪಡಿಸುವುದೇ ಕಷ್ಟ. ಅದಕ್ಕೆ ಎಕ್ಸ್-ರೇ ವರ್ಣಪಟಲ, ರೇಡಿಯೊ ವೀಕ್ಷಣೆಗಳ ಸಾಕ್ಷಿಯೂ ಬೇಕು.

ಇನ್ನು, ನಾವು ಎಣಿಸುವುದು ಒಂದೊಂದೇ ಫೋಟಾನನ್ನು, ಅಂದರೆ ಬೆಳಕಿನ ಕಣವನ್ನು. ಎಣಿಕೆಯ ಅನಿಶ್ಚಿತತೆ ಸುಮಾರು ಅದರ ವರ್ಗಮೂಲದಷ್ಟು: ನೂರು ಬಂದರೆ ಹತ್ತು, ಒಂಬತ್ತು ಬಂದರೆ ಮೂರು. ಒಂಬತ್ತು ಆರಕ್ಕಿಳಿದದ್ದನ್ನು ಏರಿಳಿತವೆನ್ನಲಾಗದು, ಹಾಗೆಯೇ ಮಸುಕಾದ ಆಕರದಲ್ಲಿ ಬದಲಾವಣೆ ಕಾಣಲಿಲ್ಲವೆಂದು ಅದನ್ನು ಸ್ಥಿರವೆಂದೂ ಬರೆಯಲಾಗದು.