‘ಕೈ ಬಿಡು’: ಈಜು ಕಲಿಸುವಾಗ ಇದಕ್ಕೆ ಬೇರೆ ಮಾತು ಇದೆಯಾ?

ಗೆಳೆಯರೇ, ನಮಸ್ಕಾರ.

ಶಿವಮೊಗ್ಗದಿಂದ ಬರೆಯುತ್ತಿದ್ದೇನೆ. ಅಂಗವಿಕಲ ಮಕ್ಕಳಿಗೆ ಈಜು ಕಲಿಸಲು ಮನೆಯವರೂ ನೀರಿಗಿಳಿಯುತ್ತಾರಲ್ಲ, ಅವರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಮಾಡುತ್ತಿದ್ದೇವೆ. ಒಂದು ಮಾತಿನ ಹತ್ತಿರ ಕೆಲಸ ನಿಂತಿದೆ.

ನಾವು ಅನುಸರಿಸುತ್ತಿರುವುದು ಹ್ಯಾಲಿವಿಕ್ ಪದ್ಧತಿ. 1949ರಲ್ಲಿ ಲಂಡನ್ನಿನ ಹ್ಯಾಲಿವಿಕ್ ಶಾಲೆಯ ಅಂಗವಿಕಲ ಹುಡುಗಿಯರಿಗೆ ಈಜು ಕಲಿಸುತ್ತಾ ಜೇಮ್ಸ್ ಮ್ಯಾಕ್‌ಮಿಲನ್ ಎಂಬ ಎಂಜಿನಿಯರ್ ಶುರುಮಾಡಿದ್ದು. ಇದರಲ್ಲಿ ಟ್ಯೂಬು, ಬೆಂಡು ಏನೂ ಕಟ್ಟುವುದಿಲ್ಲ. ಕಲಿಯುವ ಒಬ್ಬರಿಗೆ ಜೊತೆಗಾರರು ಒಬ್ಬರು, ಅವರ ಕೈಯೇ ಆಸರೆ. ಕಲಿಯುವವರಿಗೆ ಧೈರ್ಯ ಬಂದ ಹಾಗೆ ಆ ಆಸರೆ ಕಡಿಮೆಯಾಗುತ್ತಾ ಹೋಗಬೇಕು. ಇದನ್ನು ಆ ಪದ್ಧತಿಯಲ್ಲಿ ಡಿಸ್‌ಎಂಗೇಜ್‌ಮೆಂಟ್ ಎನ್ನುತ್ತಾರೆ. ನಾವು ಏನೆನ್ನೋಣ?

ಬಾಯಿಗೆ ಮೊದಲು ಬರುವುದು ‘ಕೈ ಬಿಡು’. ಅದರಿಂದ ಏನಾಯಿತು ಹೇಳುತ್ತೇನೆ. ನನ್ನ ತಂಗಿಯ ಮಗನಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಮೈಯ ಚಲನೆ ಹತೋಟಿಗೆ ಸಿಗದ ಸ್ಥಿತಿ. ಅವನನ್ನು ಅಂಗಾತ ತೇಲಿಸಿ, ತಲೆಯನ್ನು ನನ್ನ ಹೆಗಲಿಗೆ ಒರಗಿಸಿಕೊಂಡು, ಬೆನ್ನಿನಡಿ ಎರಡೂ ಅಂಗೈ ಇಟ್ಟಿದ್ದೆ. ಹಗುರಾಗಿ ತೇಲುತ್ತಿದ್ದ. ‘ಈಗ ಕೈ ಬಿಡ್ತೀನಿ ಕಣೋ’ ಅಂದೆ, ಅಷ್ಟೇ. ಮೈಯೆಲ್ಲ ಸೆಟೆದುಕೊಂಡಿತು. ‘ಬಿಡ್ಬೇಡ ಮಾವ’ ಎಂದು ನನ್ನ ತೋಳು ಹಿಡಿದುಕೊಂಡ. ಅವನ ಸ್ನಾಯುಗಳು ಮೊದಲೇ ಬಿಗಿ, ಹೆದರಿದರೆ ಇನ್ನೂ ಜಾಸ್ತಿ. ಅವತ್ತು ಮತ್ತೆ ತೇಲಲೇ ಇಲ್ಲ.

ಅವನು ಹೆದರಿದ್ದು ನೀರಿಗಲ್ಲ, ನನ್ನ ಮಾತಿಗೆ. ‘ದೇವರು ಕೈ ಬಿಡಲ್ಲ’, ‘ಕಷ್ಟಕಾಲದಲ್ಲಿ ನೆಂಟರು ಕೈ ಬಿಟ್ಟರು’ ಅಂತ ದಿನಾ ಕೇಳುವ ಮಾತು ತಾನೇ ಅದು? ಎತ್ತಿ ಕೂರಿಸಲು, ಊಟ ಮಾಡಿಸಲು ಇನ್ನೊಬ್ಬರ ಕೈ ಬೇಕಾದ ಮಗುವಿಗೆ ಅದು ಇನ್ನೂ ಆಳಕ್ಕೆ ಇಳಿಯುತ್ತದೆ.

‘ಕೈ ಸಡಿಲಿಸು’ ಎನ್ನಬಹುದು. ಆದರೆ ಅದು ಹಿಡಿದವನ ಕೆಲಸವಾಯಿತು. ಮೂಲದಲ್ಲಿ ಈ ಕೆಲಸ ಕಲಿಯುವವನದು. ಅವನೇ ಆಸರೆಯಿಂದ ಹೊರಬರಬೇಕು. ‘ಬಿಡಿಸಿಕೊಳ್ಳು’ ಅಂದರೆ ಯಾರೋ ಕಟ್ಟಿಹಾಕಿದ ಹಾಗೆ. ನಮ್ಮ ಮನೆಯ ಹಿರಿಯರು ಕೆರೆಯಲ್ಲಿ ಒಣಗಿದ ಸೋರೆ ಬುರುಡೆ ಕಟ್ಟಿ ಈಜು ಕಲಿಸುತ್ತಿದ್ದರು. ‘ಹುಡುಗ ಬುರುಡೆ ಬಿಚ್ಚಿದ’ ಅಂದರೆ ಈಜು ಬಂತು ಅಂತ. ಎಷ್ಟು ಚೆಂದದ ಮಾತು! ಆದರೆ ಇಲ್ಲಿ ಬುರುಡೆಯೇ ಇಲ್ಲವಲ್ಲ.

ಆಮೇಲೆ ಹೊಳೆದದ್ದು ಸೈಕಲ್. ‘ಕೈ ಬಿಟ್ಟು ಸೈಕಲ್ ಹೊಡೀತಾನೆ’ ಅನ್ನುವಾಗ ಅದೇ ‘ಕೈ ಬಿಡು’ ಹೆಮ್ಮೆಯ ಮಾತು, ಯಾಕೆಂದರೆ ಬಿಡುವವನು ಅವನೇ. ಅದಕ್ಕೇ ಈಗ ನೀರಲ್ಲಿ ‘ನೀನೇ ನನ್ನ ಕೈ ಬಿಡು ನೋಡೋಣ, ನಾನು ಇಲ್ಲೇ ಇರ್ತೀನಿ’ ಅನ್ನುತ್ತೇನೆ. ಒಂದೊಂದೇ ಬೆರಳು ಬಿಡುತ್ತಾನೆ. ಮೊನ್ನೆ ಐದು ಎಣಿಸುವವರೆಗೂ ಒಬ್ಬನೇ ತೇಲಿದ.

ಇದೇ ಪದ್ಧತಿಯ ಇನ್ನೊಂದು ಮಾತು ರೊಟೇಷನ್, ಅಂದರೆ ನೀರಲ್ಲಿ ಮೈ ತಿರುಗಿಸುವುದು. ಅದಕ್ಕೆ ‘ಹೊರಳು’ ಎಂದು ಬರೆದಿದ್ದೇವೆ. ‘ಮಗುಚು’ ಬೇಡ ಅನ್ನಿಸಿತು, ಮಗುಚುವುದು ದೋಣಿ, ದೋಸೆ. ಇದರಲ್ಲಿ ನನಗೆ ಅನುಮಾನವಿಲ್ಲ.

ಕೈಪಿಡಿಯಲ್ಲಿ ಡಿಸ್‌ಎಂಗೇಜ್‌ಮೆಂಟ್ ಭಾಗದ ತಲೆಬರಹಕ್ಕೆ ಮಾತ್ರ ಒಂದು ಚಿಕ್ಕ ಮಾತು ಬೇಕು. ‘ಕೈಬಿಟ್ಟು ತೇಲು’ ಸಾಕಾ? ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಹೊಳೆಯಲ್ಲಿ ಈಜು ಕಲಿತವರು ಯಾರಾದರೂ ಇದ್ದರೆ, ಕಲಿಸುವವರು ಮೊದಲ ಸಲ ಹಿಡಿತ ಬಿಡುವಾಗ ನಿಮಗೆ ಏನು ಹೇಳುತ್ತಿದ್ದರು, ಅದೇ ಮಾತಿನಲ್ಲಿ ಬರೆಯಿರಿ.