ಎದೆನೋವು ಬಂದಾಗ ಬೆಲ್ಲದ ನೀರು ಕುಡಿಸಿದರೆ ಹೃದಯಕ್ಕೆ ಶಕ್ತಿ ಸಿಗುತ್ತಾ?

ಪ್ರಶ್ನೆ (ಮದ್ದೂರು): ಹಾರ್ಟ್ ಅಟ್ಯಾಕ್ ಅಂದ್ರೆ ಹೃದಯದ ಸ್ನಾಯುವಿಗೆ ಶಕ್ತಿ ಸಾಲದೆ ಹೋಗೋದು ತಾನೆ? ಹಾಗಾದ್ರೆ ನೋವು ಶುರುವಾದ ಕೂಡಲೇ ಬೆಲ್ಲದ ನೀರೋ ಗ್ಲೂಕೋಸ್ ಪುಡಿಯೋ ಕೊಡಬಹುದಾ? ಅಪ್ಪನಿಗೆ ಬರೆದಿರೋ ಟ್ರೈಮೆಟಾಜಿಡಿನ್ 35 ಕೂಡ ಶಕ್ತಿ ಮಾತ್ರೆಯಂತೆ, ಹೌದಾ?

ಉತ್ತರ (ಹೃದ್ರೋಗ ತಜ್ಞರು, ಮೈಸೂರು): ಕೊಡಬೇಡಿ. ರಕ್ತನಾಳ ಕಟ್ಟಿದಾಗ ಇಲ್ಲವಾಗುವುದು ಆಮ್ಲಜನಕ, ಸಕ್ಕರೆಯಲ್ಲ. ಹೃದಯ ದಿನಕ್ಕೆ ಸುಮಾರು 6 ಕಿಲೋ ಎಟಿಪಿ (ಕೋಶಗಳು ಶಕ್ತಿಗಾಗಿ ಬಳಸುವ ಅಣು) ತಯಾರಿಸಿ ಅಷ್ಟನ್ನೂ ಖರ್ಚು ಮಾಡುತ್ತದೆ. ದಾಸ್ತಾನು ಮಾತ್ರ ಕೆಲವು ಸೆಕೆಂಡಿನದು. ಆಮ್ಲಜನಕವಿದ್ದರೆ ಒಂದು ಗ್ಲೂಕೋಸ್ ಅಣುವಿನಿಂದ 30ರಷ್ಟು ಎಟಿಪಿ, ಇಲ್ಲದಿದ್ದರೆ ಬರೀ 2. ಆ ಎರಡರ ಜೊತೆ ಲ್ಯಾಕ್ಟೇಟ್, ಆಮ್ಲ ಎರಡೂ ಕೋಶದೊಳಗೆ ಸೇರಿಕೊಳ್ಳುತ್ತವೆ, ತೊಳೆದೊಯ್ಯಲು ರಕ್ತವಿಲ್ಲ. ಆಮ್ಲ ಹೊರಹಾಕಲು ಕೋಶ ಸೋಡಿಯಂ ಒಳಗೆಳೆದುಕೊಳ್ಳುತ್ತದೆ. ಸೋಡಿಯಂ ಆಚೆ ದೂಡುವ ಪಂಪಿಗೆ ಎಟಿಪಿ ಸಾಲದು, ಹಾಗಾಗಿ ಅದರ ಬದಲಿಗೆ ಕ್ಯಾಲ್ಸಿಯಂ ನುಗ್ಗುತ್ತದೆ. ರಕ್ತ ಮತ್ತೆ ಹರಿದಾಗಲೂ ಮೈಟೊಕಾಂಡ್ರಿಯಾ (ಕೋಶದೊಳಗೆ ಎಟಿಪಿ ತಯಾರಾಗುವ ಜಾಗ) ಹಾಳಾಗುವುದರಲ್ಲಿ ಈ ಕ್ಯಾಲ್ಸಿಯಂನದೇ ದೊಡ್ಡ ಪಾತ್ರ. ನಾಳ ಪೂರ್ತಿ ಮುಚ್ಚಿದರೆ 20 ನಿಮಿಷದ ಸುಮಾರಿಗೆ ಒಳಪದರದ ಸ್ನಾಯು ಸಾಯಲು ಶುರು.

ಗ್ಲೂಕೋಸ್, ಇನ್ಸುಲಿನ್, ಪೊಟ್ಯಾಸಿಯಂ ಸೇರಿಸಿದ ಡ್ರಿಪ್ಪನ್ನು 1960ರ ದಶಕದಿಂದ ಪ್ರಯತ್ನಿಸಿದ್ದಾರೆ. 2005ರಲ್ಲಿ ಪ್ರಕಟವಾದ ಕ್ರಿಯೇಟ್-ಎಕ್ಲಾ ಅಧ್ಯಯನದಲ್ಲಿ 20,000ಕ್ಕೂ ಹೆಚ್ಚು ರೋಗಿಗಳಿದ್ದರು, ಸಾವು ಕಡಿಮೆಯಾಗಲಿಲ್ಲ. ನೇರ ರಕ್ತಕ್ಕೆ ಕೊಟ್ಟೇ ಆಗದ್ದು ಬೆಲ್ಲದ ನೀರಿನಿಂದ ಆಗದು. ಹೊಟ್ಟೆಗೆ ಸುರಿದರೆ ವಾಂತಿಯ ಅಪಾಯ ಬೇರೆ. (ತಿಳಿದ ಸಕ್ಕರೆ ಕಾಯಿಲೆಯವರಿಗೆ ಶುಗರ್ ಇಳಿದಿದ್ದರೆ ಅದು ಬೇರೆ ವಿಷಯ.)

ಉತ್ತರ (ಫಾರ್ಮಕಾಲಜಿ ಅಧ್ಯಾಪಕಿ): ಟ್ರೈಮೆಟಾಜಿಡಿನ್ ಶಕ್ತಿ ಕೊಡುವುದಿಲ್ಲ, ಇಂಧನ ಬದಲಿಸುತ್ತದೆ. ಹೃದಯ ಹೆಚ್ಚಾಗಿ ಸುಡುವುದು ಕೊಬ್ಬಿನಾಮ್ಲ. ಅಷ್ಟೇ ಎಟಿಪಿಗೆ ಅದು ಗ್ಲೂಕೋಸಿಗಿಂತ ಶೇ. 10ರಷ್ಟು ಹೆಚ್ಚು ಆಮ್ಲಜನಕ ಕೇಳುತ್ತದೆ. ಕೊಬ್ಬು ಸುಡುವ ಸರಣಿಯ ಒಂದು ಕಿಣ್ವವನ್ನು ಈ ಮಾತ್ರೆ ತಡೆಯುತ್ತದೆ ಎಂಬುದು ಇದರ ಹಿಂದಿನ ಲೆಕ್ಕ. ನಡೆದಾಗ ಬರುವ ಎದೆನೋವಿಗೆ ಬೇರೆ ಮಾತ್ರೆಗಳ ಜೊತೆ ಸೇರಿಸುತ್ತಾರೆ, ಹಾರ್ಟ್ ಅಟ್ಯಾಕ್ ತಡೆಯಲಲ್ಲ. ಸ್ಟೆಂಟ್ ಹಾಕಿಸಿಕೊಂಡ ಸುಮಾರು 6,000 ಜನರ ಮೇಲಿನ ಎಟಿಪಿಸಿಐ ಅಧ್ಯಯನದಲ್ಲಿ (2020) ಮುಂದಿನ ತೊಂದರೆಗಳು ತಗ್ಗಲಿಲ್ಲ.

35 ಮಿ.ಗ್ರಾಂ ದಿನಕ್ಕೆರಡು ಬಾರಿ, ಊಟದ ಜೊತೆ, ಪುಡಿ ಮಾಡಬಾರದು. ಕ್ರಿಯಾಟಿನಿನ್ ಕ್ಲಿಯರೆನ್ಸ್ (ಮೂತ್ರಪಿಂಡ ಎಷ್ಟು ಚೆನ್ನಾಗಿ ಶೋಧಿಸುತ್ತಿದೆ ಎಂಬ ಅಳತೆ) 30-60 ಇದ್ದರೆ ಒಂದೇ ಬಾರಿ, 30ಕ್ಕಿಂತ ಕಡಿಮೆಯಿದ್ದರೆ ಕೂಡದು. ಕೈನಡುಕ, ನಡಿಗೆಯಲ್ಲಿ ಬಿಗಿತ ಕಂಡರೆ ತಕ್ಷಣ ವೈದ್ಯರಿಗೆ ಹೇಳಿ. ಪಾರ್ಕಿನ್ಸನ್ ಇರುವವರಿಗೆ ಇದು ನಿಷಿದ್ಧ.

ಮರುಪ್ರಶ್ನೆ (ಮಂಡ್ಯ): ತೋಳಿಗೆ ಬಿಪಿ ಪಟ್ಟಿ ಕಟ್ಟಿ ಬಿಗಿ-ಸಡಿಲ ಮಾಡಿದರೆ ಹೃದಯ ಗಟ್ಟಿಯಾಗುತ್ತಂತಲ್ಲ?

ಉತ್ತರ (ಹೃದ್ರೋಗ ತಜ್ಞರು): ಮೂಲ ಸಂಗತಿ ನಿಜ. 1986ರಲ್ಲಿ ನಾಯಿಗಳ ಹೃದಯದ ನಾಳವನ್ನು 5 ನಿಮಿಷದಂತೆ ನಾಲ್ಕು ಬಾರಿ ಮುಚ್ಚಿ-ತೆರೆದು, ಆಮೇಲೆ 40 ನಿಮಿಷ ಮುಚ್ಚಿದಾಗ, ಹಾಗೆ ಮುಚ್ಚಿ-ತೆರೆಯದ ನಾಯಿಗಳಿಗೆ ಹೋಲಿಸಿದರೆ, ಸತ್ತ ಸ್ನಾಯು ಸುಮಾರು ಕಾಲುಭಾಗಕ್ಕೆ ಇಳಿದಿತ್ತು. ಆ ಕೋಶಗಳು ಎಟಿಪಿಯನ್ನು ನಿಧಾನವಾಗಿ ಖರ್ಚು ಮಾಡುತ್ತಿದ್ದವು. ಆದರೆ ಮನುಷ್ಯರಲ್ಲಿ ತೋಳಿಗೆ ಪಟ್ಟಿ ಕಟ್ಟಿ ಮಾಡಿದ 2019ರ ದೊಡ್ಡ ಅಧ್ಯಯನದಲ್ಲಿ ಲಾಭ ಕಾಣಲಿಲ್ಲ. ಮನೆಯಲ್ಲಿ ಮಾಡಿ ಸಮಯ ಕಳೆಯಬೇಡಿ.

108ಕ್ಕೆ ಕರೆ ಮಾಡಿ, ರೋಗಿಯನ್ನು ನಡೆಸಬೇಡಿ, ಏಕೆಂದರೆ ಆಮ್ಲಜನಕದ ಬೇಡಿಕೆ ಇಳಿಸುವುದು ನಿಮ್ಮ ಕೈಲಿರುವ ರಕ್ಷಣೆ. ಅಲರ್ಜಿ, ರಕ್ತಸ್ರಾವ ಇಲ್ಲದಿದ್ದರೆ ಆಸ್ಪಿರಿನ್ 300-325 ಮಿ.ಗ್ರಾಂ ಅಗಿಸಿ. ಮದ್ದೂರಿನಿಂದ ನೇರ ಮೈಸೂರಿಗೆ ಕಾರು ಹತ್ತಿಸುವುದಕ್ಕಿಂತ ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಆಗಲಿ. ಎಸ್‌ಟಿ ಏರಿಕೆ (ನಾಳ ಪೂರ್ತಿ ಕಟ್ಟಿರುವುದರ ಇಸಿಜಿ ಗುರುತು) ಕಂಡು, ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ (ಬಲೂನಿನಿಂದ ನಾಳ ತೆರೆಯುವುದು) ಆಗುವಂತಿಲ್ಲದಿದ್ದರೆ ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಕೊಟ್ಟು ಮುಂದೆ ಕಳಿಸುತ್ತಾರೆ.